ಮನಸ್ಸು ಓಡಲು ರೆಡಿ, ತೊಡೆ ಇನ್ನೂ ಇಲ್ಲ

ಮ್ಯಾರಥಾನ್ ಓಡಿದ ಮಾರನೇ ದಿನ ಸಂಜೆ ಮಂಡಿ ಕೆಳಗೆ ದಿಂಬು ಇಟ್ಟುಕೊಂಡು ಓಟದ ಡಾಕ್ಯುಮೆಂಟರಿ ನೋಡುತ್ತಿದ್ದೆ. ತೆರೆಯ ಮೇಲೆ 1964ರ ಟೋಕಿಯೋ ಒಲಿಂಪಿಕ್ಸ್. ಇಥಿಯೋಪಿಯಾದ ಅಬೆಬೆ ಬಿಕಿಲ ಎಲ್ಲರನ್ನೂ ಹಿಂದೆ ಬಿಟ್ಟು ಒಬ್ಬರೇ ಓಡುತ್ತಿದ್ದಾರೆ. ಅಪೆಂಡಿಕ್ಸ್ ಆಪರೇಷನ್ ಆಗಿ ಆಗಿನ್ನೂ ಎರಡು ತಿಂಗಳೂ ಕಳೆದಿರಲಿಲ್ಲ. 2 ಗಂಟೆ 12 ನಿಮಿಷ 11 ಸೆಕೆಂಡಿಗೆ ಓಟ ಮುಗಿಸಿ ವಿಶ್ವದಾಖಲೆ ಬರೆದರು. ಆಮೇಲೆ ಮೈದಾನದ ಹುಲ್ಲಿನ ಮೇಲೆ ಆರಾಮಾಗಿ ವ್ಯಾಯಾಮ ಮಾಡತೊಡಗಿದರು!

ನೋಡನೋಡುತ್ತಾ ನನ್ನ ಬಲಗಾಲಿನ ಹೆಬ್ಬೆರಳು ಅವರ ಹೆಜ್ಜೆಗೆ ತಾಳ ಹಾಕುತ್ತಿತ್ತು. ಮಣಿಕಟ್ಟಿನ ಮೇಲೆ ಬೆರಳಿಟ್ಟೆ, ನಾಡಿ ಜೋರಾಗಿತ್ತು. ಈಗಲೇ ಶೂ ಹಾಕಿಕೊಂಡು ಹೊರಡೋಣ ಅನ್ನಿಸಿತು. ನೀರು ಕುಡಿಯಲು ಎದ್ದೆ ನೋಡಿ, ತೊಡೆ ಬಿಡಲೇ ಇಲ್ಲ.

ನಾಡಿ ಜೋರಾದದ್ದು ಬರೀ ಭ್ರಮೆಯಲ್ಲ. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸುಮ್ನೆ ಕುಳಿತವರಿಗೆ ಒಂದು ವಿಡಿಯೋ ತೋರಿಸಿದರು. ಓಡುವವನ ಕಣ್ಣಿಗೆ ದಾರಿ ಹೇಗೆ ಕಾಣುತ್ತದೋ ಹಾಗೆ ತೆಗೆದ ವಿಡಿಯೋ ಅದು. ನೋಡುತ್ತಿದ್ದವರ ಎದೆಬಡಿತ ಹೆಚ್ಚಿತು, ಉಸಿರಾಟ ಹೆಚ್ಚಿತು, ಚರ್ಮಕ್ಕೆ ಹೋಗುವ ರಕ್ತವೂ ಹೆಚ್ಚಿತು. ಬೇರೆಯವರು ಓಡುವುದನ್ನು ನೋಡುವಾಗ, ನಾವೇ ಓಡಲು ಬಳಸುವ ಮೆದುಳಿನ ಕೆಲವು ಭಾಗಗಳು ಎಚ್ಚರಗೊಳ್ಳುತ್ತವೆ. ಅಷ್ಟಕ್ಕೇ ದೇಹ ತಯಾರಿ ಶುರುಮಾಡುತ್ತದೆ.

ಓಡಿ ಅಭ್ಯಾಸ ಇರುವವರಿಗೆ ಇದು ಇನ್ನೂ ಜಾಸ್ತಿ ಇರಬೇಕು ಅನ್ನುವುದು ನನ್ನ ಊಹೆ. ಅದಕ್ಕೊಂದು ಆಧಾರವೂ ಇದೆ. 2005ರ ಒಂದು ಪ್ರಯೋಗದಲ್ಲಿ ಬ್ಯಾಲೆ ನರ್ತಕರಿಗೂ ಬ್ರೆಜಿಲ್‌ನ ಕಪೊಯೆರಾ ಎಂಬ ಸಮರಕಲೆ ಕಲಿತವರಿಗೂ ಎರಡೂ ಬಗೆಯ ಚಲನೆಗಳನ್ನು ತೋರಿಸಿದರು. ತಾವು ಕಲಿತ ವಿದ್ಯೆಯನ್ನು ನೋಡಿದಾಗಲೇ ಅವರವರ ಮೆದುಳು ಹೆಚ್ಚು ಚುರುಕಾಯಿತು. ತಿಂಗಳುಗಟ್ಟಲೆ ಓಡಿದ ದೇಹಕ್ಕೆ ಬಿಕಿಲ ಅವರ ಹೆಜ್ಜೆ ಗುರುತು ಸಿಗದೇ ಇರುತ್ತದೆಯೇ?

ಆದರೆ ಹೊರಡು ಅಂತ ಹೇಳುತ್ತಿರುವುದು ಮೆದುಳು. ಅದಕ್ಕೆ ತೊಡೆಯ ಸ್ಥಿತಿ ಪೂರ್ತಿ ಗೊತ್ತಿಲ್ಲ.

42.195 ಕಿಲೋಮೀಟರ್ ಅಂದರೆ ಹೆಚ್ಚುಕಮ್ಮಿ 40,000 ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ಪಾದ ನೆಲ ಮುಟ್ಟಿದಾಗ ಮಂಡಿ ಸ್ವಲ್ಪ ಬಾಗುತ್ತದೆ, ತೊಡೆಯ ಮುಂಭಾಗದ ಸ್ನಾಯು ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಭಾರದ ಬಕೆಟ್ಟನ್ನು ಬಾವಿಗೆ ನಿಧಾನವಾಗಿ ಇಳಿಬಿಡುವಾಗ ಹಗ್ಗ ಹಿಡಿದ ಕೈ ಮಾಡುವ ಕೆಲಸವೇ ಇದು. ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರಿಯುವುದು ಹೆಚ್ಚಾಗಿ ಈ ಕೆಲಸದಲ್ಲೇ. ಹರಿದ ಕಡೆಯಿಂದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಬಿಳಿ ರಕ್ತಕಣಗಳು ಬಂದು ಹಾಳಾದದ್ದನ್ನು ತೆರವು ಮಾಡುತ್ತವೆ, ಊತ ಬರುತ್ತದೆ. ಎಳೆಗಳ ಅಂಚಿನಲ್ಲಿ ಮಲಗಿದ್ದ ಸ್ಯಾಟಲೈಟ್ ಕೋಶಗಳು ಎದ್ದು ರಿಪೇರಿಗೆ ಇಳಿಯುತ್ತವೆ. ಈ ಕೋಶಗಳನ್ನು ಅಲೆಕ್ಸಾಂಡರ್ ಮೌರೊ ಗುರುತಿಸಿದ್ದು 1961ರಲ್ಲಿ.

ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವಾಗ ಜೀವ ಹೋಗುತ್ತದಲ್ವಾ? ಇಳಿಯುವಾಗಲೂ ತೊಡೆಗೆ ಅದೇ ಕೆಲಸ, ಅದಕ್ಕೇ. ಎರಡನೇ ದಿನ ನಾನು ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿದೆ. ಲ್ಯಾಕ್ಟಿಕ್ ಆಸಿಡ್ ಕೂತಿದೆ ಅನ್ನುತ್ತಾರೆ, ಅದು ತಪ್ಪು. ಓಟ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಅದು ಸಾಮಾನ್ಯ ಮಟ್ಟಕ್ಕೆ ಬಂದಿರುತ್ತದೆ.

ನೋವು ಸಾಮಾನ್ಯವಾಗಿ ಒಂದರಿಂದ ಮೂರನೇ ದಿನದೊಳಗೆ ಏರಿ, ವಾರದಲ್ಲಿ ಇಳಿಯುತ್ತದೆ. ನನಗೆ ಭಯ ಇರುವುದು ಅಲ್ಲಿಂದ ಮುಂದಿನ ದಿನಗಳ ಬಗ್ಗೆ. 1980ರ ದಶಕದಲ್ಲಿ ಮ್ಯಾರಥಾನ್ ಓಡಿದವರ ಮೀನಖಂಡದಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ವಾರ ಕಳೆದರೂ ಒಳಗೆ ರಿಪೇರಿ ಮುಗಿದಿರಲಿಲ್ಲ. ಸ್ನಾಯುರಜ್ಜು ಮತ್ತು ಮೂಳೆ ಇನ್ನೂ ನಿಧಾನ. ನೋವು ಹೋಯಿತು ಅನ್ನುವುದೂ ವಾಸಿಯಾಯಿತು ಅನ್ನುವುದೂ ಒಂದೇ ಅಲ್ಲ. ಇದರ ಜೊತೆಗೆ ಡಾಕ್ಯುಮೆಂಟರಿ ಬೇರೆ. ಅದರಲ್ಲಿ ತಾಲೀಮು ಇರುತ್ತದೆ, ಓಟ ಇರುತ್ತದೆ, ಗೆಲುವು ಇರುತ್ತದೆ. ಓಟ ಮುಗಿದ ಮೇಲಿನ ಮೂರು ವಾರ ಎಡಿಟಿಂಗ್ ಟೇಬಲ್ ಮೇಲೇ ಉಳಿದುಬಿಡುತ್ತದೆ. ನನಗೆ ಆ ಮೂರು ವಾರವನ್ನೇ ತೋರಿಸುವ ಚಿತ್ರ ನೋಡುವ ಆಸೆ.

ಕುಳಿತರೆ ಗಳಿಸಿದ್ದೆಲ್ಲ ಕರಗಿಹೋಗುತ್ತದೆ ಅನ್ನುವ ಆತಂಕ ಓಡುವವರೆಲ್ಲರಿಗೂ ಇದೆ. 1984ರಲ್ಲಿ ಎಡ್ವರ್ಡ್ ಕೋಯ್ಲ್ ಮತ್ತು ಜೊತೆಗಾರರು ಚೆನ್ನಾಗಿ ಪಳಗಿದವರ ತಾಲೀಮನ್ನು ಪೂರ್ತಿ ನಿಲ್ಲಿಸಿ ಅಳೆದರು. ಮೂರು ವಾರಕ್ಕೆ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕುಸಿದದ್ದು ಸುಮಾರು ಶೇ 7. ಅದರಲ್ಲೂ ದೊಡ್ಡ ಪಾಲು, ರಕ್ತದ ಪ್ರಮಾಣ ತಗ್ಗಿದ್ದರಿಂದ. ಓಡಲು ಶುರುಮಾಡಿದರೆ ಅದು ಬೇಗ ತುಂಬಿಕೊಳ್ಳುತ್ತದೆ. ಮೂಳೆಯಲ್ಲಿ ಬಿರುಕು ಬಂದರೆ ಮಾತ್ರ ತಿಂಗಳುಗಳೇ ಹೋಗುತ್ತವೆ.

ಹಾಗಾಗಿ ಮೊದಲ ವಾರ ನಾನು ನಡೆದೆ ಅಷ್ಟೇ. ಎರಡನೇ ವಾರ ದಿನ ಬಿಟ್ಟು ದಿನ 20 ನಿಮಿಷ, ಸಮತಟ್ಟು ದಾರಿಯಲ್ಲಿ, ಮಾತಾಡುತ್ತಾ ಓಡುವಷ್ಟು ನಿಧಾನ. ಇಳಿಜಾರಿಗೆ ಹೋಗಲಿಲ್ಲ. ಚಿತ್ರಗಳನ್ನು ನೋಡುವುದನ್ನೂ ಬಿಡಲಿಲ್ಲ, ಆದರೆ ನಾಳೆ ಎಷ್ಟು ಓಡಬೇಕು ಅಂತ ಮೊದಲೇ ಚೀಟಿಯಲ್ಲಿ ಬರೆದಿಟ್ಟು ನೋಡಲು ಕೂರುತ್ತಿದ್ದೆ. ಚಿತ್ರ ಮುಗಿದ ಮೇಲೆ ಆ ಅಂಕಿ ಯಾವಾಗಲೂ ಕಡಿಮೆ ಅನ್ನಿಸುತ್ತಿತ್ತು.

ವೇಗ ಹೆಚ್ಚಿಸುವ ಮುಂಚೆ ತೊಡೆಯನ್ನೇ ಕೇಳಿದೆ. ಮೆಟ್ಟಿಲ ಮೇಲೆ ಒಂದೇ ಕಾಲಲ್ಲಿ ನಿಂತು, ಇನ್ನೊಂದು ಹಿಮ್ಮಡಿ ಕೆಳಗಿನ ಮೆಟ್ಟಿಲು ಮುಟ್ಟುವ ತನಕ ಮೂರು ಎಣಿಸುತ್ತಾ ಇಳಿಯುವುದು. ಹನ್ನೊಂದನೇ ದಿನ ಎರಡು ಎಣಿಸುವಷ್ಟರಲ್ಲಿ ಎಡಮಂಡಿ ನಡುಗಿ ಒಳಕ್ಕೆ ವಾಲಿತು. ಹದಿನೆಂಟನೇ ದಿನ ಎರಡೂ ಕಾಲು ನಡುಗದೆ ಇಳಿದವು. ಅವತ್ತು ಸಂಜೆ 100 ಮೀಟರ್‌ನ ನಾಲ್ಕು ಚುರುಕು ಓಟ ಓಡಿದೆ, ನಡುನಡುವೆ ಉಸಿರು ಇಳಿಯುವ ತನಕ ನಡೆದೆ.