ಉಣುಗು ಯಾರಿಗೆ ಕಚ್ಚುತ್ತದೆ?

ಚಳಿಗಾಲ ಶುರುವಾಯಿತೆಂದರೆ ಸಾಗರ, ಸೊರಬ, ತೀರ್ಥಹಳ್ಳಿ ಕಡೆ ಒಂದು ಮಾತು ಓಡಾಡತೊಡಗುತ್ತದೆ. ಎಲ್ಲಾದರೂ ಮಂಗ ಸತ್ತಿದೆಯಂತಾ? ಹೌದು ಅಂದರೆ ಊರಿಗೆಲ್ಲ ಮಂಗನ ಕಾಯಿಲೆಯ ದಿಗಿಲು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಹಳದಿ ಜ್ವರವೇನೋ ಎಂದು ಮೊದಲು ಅನುಮಾನಪಟ್ಟರು. ನೋಡಿದರೆ ಅದುವರೆಗೆ ಯಾರೂ ಕಂಡಿರದ ವೈರಸ್. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂಬುದೂ ತಿಳಿಯಿತು.

ಇಷ್ಟು ಗೊತ್ತಾದ ಮೇಲೂ ಬೇರೆ ಬಗೆಯ ಪ್ರಶ್ನೆಗಳು ಉಳಿದವು. ಉಣುಗು ಕಾಡಿನಲ್ಲಿದೆ, ಸರಿ. ಅದರ ಬಾಯಿಗೆ ಸಿಗುವವರು ಯಾರು? ಯಾವ ಕೆಲಸಕ್ಕೆ ಹೋದಾಗ? ಹೋಗದೇ ಇರಲು ಅವರಿಂದ ಆಗುತ್ತದಾ? ಪ್ರಯೋಗಾಲಯದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಇತಿಹಾಸ, ಸಮಾಜಶಾಸ್ತ್ರ, ಮಾನವಶಾಸ್ತ್ರ ಓದಿದವರಿಗೆ ಪರಿಸರದ ವಿಷಯದಲ್ಲಿ ಏನು ಕೆಲಸ ಅಂತ ಕೇಳುವವರಿದ್ದಾರಲ್ವಾ, ಅವರಿಗೆ ನಾನು ತೋರಿಸುವುದು ಈ ಕಾಯಿಲೆಯನ್ನೇ.

ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು. ತೋಟದ ಪಕ್ಕದ ಕಾಡನ್ನು ಸೊಪ್ಪಿನ ಬೆಟ್ಟ ಎಂದು ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಪಕ್ಕದ ಉತ್ತರ ಕನ್ನಡದಲ್ಲಿ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಸಿಗುತ್ತಿತ್ತು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ಉದುರಿದ ಎಲೆ, ಅಂದರೆ ದರಗು. ಎಲೆ ಚೆನ್ನಾಗಿ ಒಣಗಿದ ಮೇಲೆ ಗುಡಿಸಿ ರಾಶಿ ಹಾಕಬೇಕು. ಬಗ್ಗಿ ಎರಡೂ ಕೈಯಲ್ಲಿ ಬಾಚಿ ಹೆಡಿಗೆಗೆ ತುಂಬಬೇಕು. ಜಾಸ್ತಿ ಹಿಡಿಯಲಿ ಅಂತ ಕಾಲಿನಲ್ಲಿ ತುಳಿದು ಒತ್ತಬೇಕು. ಆಮೇಲೆ ತಲೆ ಮೇಲೆ ಹೊತ್ತು ತಂದು ಕೊಟ್ಟಿಗೆಯಲ್ಲಿ ಹಾಸಬೇಕು. ಡಿಸೆಂಬರಿನಿಂದ ಮೇವರೆಗೆ ಅದೇ ದರಗಿನಲ್ಲಿ ಎಳ್ಳುಕಾಳಿನಷ್ಟು ಸಣ್ಣ ಉಣುಗಿನ ಮರಿಗಳು ರಕ್ತಕ್ಕೆ ಕಾದಿರುತ್ತವೆ. ಹೆಚ್ಚಾಗಿ ಕಾಯಿಲೆ ಅಂಟಿಸುವುದು ಈ ಮರಿಗಳೇ. ಮೈಮೇಲೆ ಹತ್ತಿದ್ದು ಗೊತ್ತೂ ಆಗುವುದಿಲ್ಲ.

ಬೆಟ್ಟದ ಹಕ್ಕು ತೋಟದವರದ್ದು. ದರಗು ಹೊರುವವರು ಬಹಳ ಕಡೆ ಕೂಲಿಯವರು, ಅವರಲ್ಲೂ ಹೆಂಗಸರು. ಕಾಡಿಗೆ ಹೋಗಬೇಡಿ ಎಂದು ಗೋಡೆಗೆ ಚೀಟಿ ಅಂಟಿಸುವುದು ಸುಲಭ. ಆ ದಿನದ ಕೂಲಿಯನ್ನು ಯಾರು ಕೊಡುತ್ತಾರೆ? ಉಣುಗು ಹತ್ತದಿರಲಿ ಅಂತ ಮೈಗೆ ಹಚ್ಚಿಕೊಳ್ಳಲು ಎಣ್ಣೆ ಹಂಚುತ್ತಾರೆ, ಒಳ್ಳೆಯದೇ. ಆದರೆ ಹೆಡಿಗೆ ಹೊತ್ತು ಗುಡ್ಡ ಇಳಿಯುವವರ ಬೆವರಿಗೆ ಆ ಎಣ್ಣೆ ಎಷ್ಟು ಹೊತ್ತು ನಿಂತೀತು?

ಇನ್ನು, 1957ರಲ್ಲೇ ಯಾಕೆ ಕಾಣಿಸಿಕೊಂಡಿತು ಎಂಬ ಪ್ರಶ್ನೆ. ಕೊಲಂಬಿಯಾದಿಂದ ಬಂದು ಇಲ್ಲಿ ಕೆಲಸ ಮಾಡಿದ ವಿಜ್ಞಾನಿ ಹೋರ್ಹೆ ಬೊಶೆಲ್ 1969ರಲ್ಲಿ ಇದರ ಬಗ್ಗೆ ಬರೆದರು. ಜನ ಹೆಚ್ಚಿದರು, ಕಾಡು ಕಡಿದು ಗದ್ದೆ ಮಾಡಿದರು, ದನಗಳು ಕಾಡಂಚಿಗೆ ಮೇಯಲು ಹೋದವು. ಬೆಳೆದ ಉಣುಗಿಗೆ ದನದ ರಕ್ತ ಧಾರಾಳವಾಗಿ ಸಿಕ್ಕಿತು, ಅದರ ಸಂತಾನ ಏರಿತು. ಹೀಗಿತ್ತು ಅವರ ವಾದ. ಉಣುಗಿನ ಬೆನ್ನು ಹತ್ತಿದವರು ಕೊನೆಗೆ ಊರು ಬೆಳೆದ ಬಗೆಯನ್ನೇ ಬರೆಯಬೇಕಾಯಿತು. 1964ರಲ್ಲಿ ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾದ ಎಷ್ಟೋ ಕುಟುಂಬಗಳು ಮತ್ತೆ ಕಾಡಂಚಿನಲ್ಲೇ ನೆಲೆ ಹುಡುಕಿಕೊಂಡವು. ಹಲವರಿಗೆ ಇಂದಿಗೂ ಹಕ್ಕುಪತ್ರವಿಲ್ಲ. 2018ರ ಕೊನೆಗೆ ಕಾಯಿಲೆ ಜೋರಾಗಿ ಕಾಡಿದ ಸಾಗರ ತಾಲ್ಲೂಕಿನ ಅರಳಗೋಡು ಇರುವುದೂ ಶರಾವತಿ ಸೀಮೆಯಲ್ಲೇ. ಮುಳುಗಡೆಯ ಕಥೆಯನ್ನೂ ಕಾಯಿಲೆಯ ಕಥೆಯನ್ನೂ ಒಟ್ಟಿಗೆ ಇಟ್ಟು ಓದಬೇಕು ಎಂದು ನನಗೆ ಅನ್ನಿಸುತ್ತದೆ. ಒಂದರಿಂದಲೇ ಇನ್ನೊಂದು ಬಂತು ಎಂದಲ್ಲ. ಕಾಡಂಚಿನಲ್ಲಿ ಯಾರು ಬಂದು ಕೂತರು, ಯಾಕೆ ಕೂತರು ಎಂಬುದು ತಿಳಿಯಬೇಕಲ್ಲ.

1980ರ ದಶಕದಲ್ಲಿ ಕಾಯಿಲೆ ಘಟ್ಟ ಇಳಿದು ಬೆಳ್ತಂಗಡಿಯಲ್ಲಿ ಎದ್ದಿತು. ಅಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿಯಲಾಗಿತ್ತು. ಮಾರ್ಕ್ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಆ ಜನರ ಮಾತು ಕೇಳಿಸಿಕೊಂಡು 1987ರಲ್ಲಿ ಬರೆದರು. ಕಾಡು ಕಡಿದಿದ್ದಕ್ಕೆ ದೈವ ಮುನಿದಿದೆ ಎಂಬ ಮಾತು ಅದರಲ್ಲಿದೆ. ಮೂಢನಂಬಿಕೆ ಎಂದು ಆ ಮಾತನ್ನು ತಳ್ಳಿಹಾಕಬಹುದು. ಆದರೆ ಕಾಯಿಲೆಗೂ ಕಾಡು ಕಡಿದಿದ್ದಕ್ಕೂ ನಂಟಿದೆ ಎಂದು ಬೊಶೆಲ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ನಂಬಿಕೆಯಿಂದ ಅಪಾಯವೂ ಬರುತ್ತದೆ. ಹಲವು ಊರುಗಳಲ್ಲಿ ಸತ್ತ ಮಂಗನಿಗೆ ಕುಂಕುಮ ಹಚ್ಚಿ, ಹೂವು ಹಾಕಿ, ಹನುಮಂತನೆಂದು ಕೈಮುಗಿದು ಮಣ್ಣು ಮಾಡುತ್ತಾರೆ. ತೋಟಕ್ಕೆ ನುಗ್ಗಿದಾಗ ಅದೇ ಮಂಗನಿಗೆ ಬಾಯಿಗೆ ಬಂದಂತೆ ಬೈದವರೂ ಅಲ್ಲಿರುತ್ತಾರೆ, ಆ ಮಾತು ಬೇರೆ. ಮಂಗ ಸತ್ತು ಮೈ ತಣ್ಣಗಾದರೆ ಉಣುಗುಗಳು ಅದನ್ನು ಬಿಟ್ಟು ಬೇರೆ ಮೈ ಹುಡುಕುತ್ತವೆ. ಜನ ಸುತ್ತ ಸೇರುವುದು ಅದೇ ಹೊತ್ತಿಗೆ. ಮುಟ್ಟಬೇಡಿ ಎಂದಷ್ಟೇ ಹೇಳಿದರೆ ಕೇಳುವುದು ಕಷ್ಟ. ದೂರ ನಿಂತು ಕೈಮುಗಿಯಿರಿ, ಮಣ್ಣು ಮಾಡುವ ಕೆಲಸ ಇಲಾಖೆಯವರಿಗೆ ಬಿಡಿ ಎಂದರೆ ಕೇಳಿಯಾರು.

ಲಸಿಕೆಯ ಕಥೆಯೂ ಹೀಗೇ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಸುಮಾರು ಶೇ 62, ಬೂಸ್ಟರನ್ನೂ ಪಡೆದವರಿಗೆ ಸುಮಾರು ಶೇ 83ರಷ್ಟು ರಕ್ಷಣೆ ಕಂಡಿತು. ಒಂದೇ ಡೋಸ್‌ನಿಂದ ಲಾಭ ಕಾಣಲಿಲ್ಲ. ಆದರೆ ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ತೋಳು ನೋಯುತ್ತಿದ್ದರೆ ಕೂಲಿಗೆ ಹೋಗುವುದು ಹೇಗೆ? ಒಂದು ಸಲ ಹಾಕಿಸಿಕೊಂಡವರು ಇನ್ನೊಂದಕ್ಕೆ ಬರಲಿಲ್ಲ. ಈಗ ಆ ಲಸಿಕೆ ನಿಂತಿದೆ, ಹೊಸದರ ಕೆಲಸ ನಡೆಯುತ್ತಿದೆ.

ಪರಿಸರ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರೂ ಇದ್ದ ತಂಡವೊಂದು 2020ರಲ್ಲಿ ಶಿವಮೊಗ್ಗ ಜಿಲ್ಲೆಯ ಅಪಾಯದ ನಕ್ಷೆ ಪ್ರಕಟಿಸಿತು. ನಿತ್ಯಹರಿದ್ವರ್ಣ ಕಾಡೂ ತೋಟವೂ ಬೆರೆತಿರುವ, ನಾಟಿ ದನ ಜಾಸ್ತಿ ಇರುವ ಕಡೆ ಅಪಾಯ ಹೆಚ್ಚು ಎಂದು ಅದು ತೋರಿಸಿತು. ಆರೋಗ್ಯ, ಅರಣ್ಯ, ಪಶುಪಾಲನೆ ಇಲಾಖೆಗಳವರನ್ನು ಕೂರಿಸಿಕೊಂಡು ಮಾತಾಡಿ ಮಾಡಿದ ಕೆಲಸ ಅದು. ಕಾಡು ಎಲ್ಲಿದೆ ಎಂದು ಉಪಗ್ರಹ ತೋರಿಸುತ್ತದೆ, ದನ ಎಷ್ಟಿವೆ ಎಂದು ಗಣತಿ ಹೇಳುತ್ತದೆ. ಯಾವ ಮನೆಯವರು ಯಾವ ವಾರ ಯಾವ ಬೆಟ್ಟಕ್ಕೆ ದರಗಿಗೆ ಹೋಗುತ್ತಾರೆ ಎಂಬುದು ಮಾತ್ರ ಯಾವ ಗಣತಿಯಲ್ಲೂ ಇಲ್ಲ. ಅದನ್ನು ಊರಿಗೆ ಹೋಗಿ, ಜಗಲಿಯಲ್ಲಿ ಕೂತು ಕೇಳಿಯೇ ತಿಳಿಯಬೇಕು. ಅದೂ ನವೆಂಬರ್ ಮುಗಿಯುವುದರೊಳಗೆ.