ರೂಟ್ ಇಲ್ಲದೆ ಇಮೇಜ್: ಎಂಕೋಸಿಯನ್ನು ಬಿಚ್ಚಿ ಕಟ್ಟಿದ ಕತೆ

ತುಮಕೂರಿನ ಯಾವುದಾದರೂ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರನ್ನು ಕೇಳಿ. ಸೆಮಿಸ್ಟರ್ ಶುರುವಾಗುವ ಮುಂಚೆ ಎಲ್ಲ ಮೆಷಿನ್‌ಗಳಲ್ಲೂ ಒಂದೇ ಥರದ ಲಿನಕ್ಸ್ ಇರಬೇಕು. ಸಿ ಕಂಪೈಲರ್, ಪೈಥಾನ್, ಗುಬ್ಬಿ ಮತ್ತು ನವಿಲು ಫಾಂಟ್, ಕೆಜಿಪಿ ಕೀಲಿಮಣೆ, ಏನೂ ಬಿಟ್ಟುಹೋಗಬಾರದು. ಸಾಮಾನ್ಯವಾಗಿ ಒಂದು ಮೆಷಿನ್ ಸರಿಮಾಡಿ, ಅದರ ಡಿಸ್ಕನ್ನು ಕ್ಲೋನ್‌ಜಿಲ್ಲಾ ಎಂಬ ಟೂಲ್‌ನಲ್ಲಿ ನಕಲು ತೆಗೆದು ಉಳಿದವಕ್ಕೆ ಹಾಕುತ್ತಾರೆ. ಕೆಲಸವೇನೋ ಆಗುತ್ತದೆ. ಆರು ತಿಂಗಳಾದ ಮೇಲೆ ಆ ನಕಲಿನೊಳಗೆ ಏನಿದೆ, ಯಾರು ಏನು ಬದಲಿಸಿದರು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಪಾರ್ಸೆಲ್ ತರುವುದು ಬೇರೆ, ಅಕ್ಕಿ-ಉದ್ದಿನ ಅಳತೆ ಬರೆದಿಟ್ಟುಕೊಳ್ಳುವುದು ಬೇರೆ, ಅಲ್ವಾ?

ಅಳತೆ ಬರೆದಿಡುವ ಟೂಲ್‌ಗಳು ಬೇಕಾದಷ್ಟಿವೆ. ಬಿಲ್ಡ್‌ರೂಟ್, 2010ರಲ್ಲಿ ಪ್ರಕಟವಾದ ಯೋಕ್ಟೊ ಎಲ್ಲವನ್ನೂ ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡುತ್ತವೆ. ರೌಟರ್‌ಗೋ ಸಣ್ಣ ಬೋರ್ಡ್‌ಗೋ ಅದು ಸರಿ. ಲ್ಯಾಬ್ ಪಿಸಿಗೆ ಅಷ್ಟು ಬೇಕಿಲ್ಲ. ಡೆಬಿಯನ್ ಅಥವಾ ಫೆಡೋರಾ ಲಿನಕ್ಸ್‌ನ ಸಿದ್ಧ ಪ್ಯಾಕೇಜ್‌ಗಳನ್ನೇ ಜೋಡಿಸಿ ಇಮೇಜ್, ಅಂದರೆ ನೇರವಾಗಿ ಡಿಸ್ಕಿಗೆ ಬರೆಯಬಹುದಾದ ಒಂದೇ ಫೈಲ್, ಮಾಡಿದರೆ ಸಾಕು. ಎಂಕೋಸಿ (mkosi) ಎಂಬ ಟೂಲ್ ಮಾಡುವುದು ಇದನ್ನೇ.

ಲಿನಕ್ಸ್ ಬೂಟ್ ಆದಾಗ ಸೇವೆಗಳನ್ನೆಲ್ಲ ಶುರುಮಾಡುವ ಸಿಸ್ಟಮ್‌ಡಿ ಖ್ಯಾತಿಯ ಲೆನಾರ್ಟ್ ಪೊಯೆಟರಿಂಗ್ ಇದನ್ನು 2017ರಲ್ಲಿ ಹೊರತಂದರು. ಆಗ ಅದು ಒಂದೇ ಫೈಲ್‌ನ ಪೈಥಾನ್ ಸ್ಕ್ರಿಪ್ಟ್. ಡಿಎನ್‌ಎಫ್, ಡೆಬೂಟ್‌ಸ್ಟ್ರಾಪ್, ಪ್ಯಾಕ್‌ಸ್ಟ್ರಾಪ್, ಜಿಪ್ಪರ್ ಎಂಬ, ಪ್ಯಾಕೇಜ್ ಹಾಕುವ ಟೂಲ್‌ಗಳಿಂದ ಕೆಲಸ ತೆಗೆಸುವ ಮೇಸ್ತ್ರಿ ಅದು. ಒಂದು ಖಾಲಿ ಫೈಲ್ ಮಾಡಿ, ಅದನ್ನು ಲೂಪ್ ಡಿವೈಸ್ ಮೂಲಕ ಡಿಸ್ಕ್ ಥರ ತೋರಿಸಿ, ಪಾರ್ಟಿಷನ್ (ಡಿಸ್ಕಿನ ಭಾಗಗಳು) ಹಾಕಿ, ಮೌಂಟ್ ಮಾಡಿ (ಫೋಲ್ಡರ್‌ನಂತೆ ತೆರೆದು), ಒಳಗೆ ಪ್ಯಾಕೇಜ್ ತುಂಬಿಸುತ್ತಿತ್ತು.

ತೊಡಕಿದ್ದದ್ದು ಇಲ್ಲೇ. ಲೂಪ್ ಡಿವೈಸ್‌ಗೂ ಮೌಂಟ್‌ಗೂ ರೂಟ್ ಅಧಿಕಾರ, ಅಂದರೆ ಮೆಷಿನ್‌ನ ಪೂರ್ತಿ ಅಧಿಕಾರ ಬೇಕು. ಇಮೇಜ್ ಒಳಗಿನ ಫೈಲ್‌ಗಳಿಗೆ ರೂಟ್ ಒಡೆಯನಾಗಿರಬೇಕು, ಅದಕ್ಕೂ ರೂಟ್ ಬೇಕು. ನಡುವೆ ಸ್ಕ್ರಿಪ್ಟ್ ಬಿದ್ದರೆ ಮೌಂಟ್ ಹಾಗೇ ಉಳಿದುಬಿಡುವ ಭಯ ಬೇರೆ. ಸ್ವಂತ ಲ್ಯಾಪ್‌ಟಾಪ್‌ನಲ್ಲಾದರೆ ಸೂಡೋ (ಆಜ್ಞೆಯನ್ನು ರೂಟ್ ಆಗಿ ನಡೆಸುವ ವಿಧಾನ) ಕೊಟ್ಟು ಮುಗಿಸಬಹುದು. ನೂರಾರು ಹುಡುಗರು ಲಾಗಿನ್ ಆಗುವ ಕಾಲೇಜಿನ ಸರ್ವರ್‌ನಲ್ಲಿ ಯಾವ ಅಡ್ಮಿನ್ ತಾನೇ ಸೂಡೋ ಕೊಡುತ್ತಾನೆ? ಕೊಡಲೂಬಾರದು.

ಇದರ ಜೊತೆಗೆ ಟೂಲ್ ಬೆಳೆಯುತ್ತಲೇ ಹೋಯಿತು. ಒಬ್ಬರಿಗೆ ಎನ್‌ಕ್ರಿಪ್ಟ್ ಆದ ಡಿಸ್ಕ್ ಬೇಕು, ಇನ್ನೊಬ್ಬರಿಗೆ ಕುಗ್ಗಿಸಿಟ್ಟ ಸ್ಕ್ವಾಶ್‌ಎಫ್‌ಎಸ್ ಫೈಲ್ ಸಿಸ್ಟಮ್, ಮತ್ತೊಬ್ಬರಿಗೆ ಹೋಮ್ ಪಾರ್ಟಿಷನ್‌ನ ಅಳತೆ ಬೇರೆ. ಒಂದೊಂದಕ್ಕೂ ಒಂದೊಂದು ಆಯ್ಕೆ, ಆಯ್ಕೆಗಳು ಒಂದಕ್ಕೊಂದು ಕೂಡಿದರೆ ಇನ್ನೊಂದಿಷ್ಟು ಕೋಡ್. ಒಂದೇ ಫೈಲ್ ಸಾವಿರಾರು ಸಾಲಿಗೆ ಹೋಯಿತು.

ಬಿಡುಗಡೆ ಬಂದದ್ದು ಪಕ್ಕದ ಮನೆಯಿಂದ. 2020ರಲ್ಲಿ ಸಿಸ್ಟಮ್‌ಡಿ 245ರ ಜೊತೆ ರೀಪಾರ್ಟ್ ಎಂಬ ಸಣ್ಣ ಟೂಲ್ ಬಂತು. ಬೂಟ್ ಆಗುವಾಗ ಪಾರ್ಟಿಷನ್ ಸೇರಿಸುವುದು, ದೊಡ್ಡದು ಮಾಡುವುದು ಅದರ ಮೊದಲ ಕೆಲಸ. ಯಾವ ಪಾರ್ಟಿಷನ್ ಎಷ್ಟಿರಬೇಕು ಅಂತ ಸಣ್ಣ ಫೈಲ್‌ಗಳಲ್ಲಿ ಬರೆದರೆ ಆಯಿತು. ಆಮೇಲೆ ಅದು ಫೈಲ್ ಸಿಸ್ಟಮ್ ಮಾಡುವುದು, ಒಳಗೆ ಫೈಲ್ ತುಂಬಿಸುವುದು, ಎನ್‌ಕ್ರಿಪ್ಟ್ ಮಾಡುವುದು ಎಲ್ಲವನ್ನೂ ಕಲಿತಿತು. ಹಾಗಿದ್ದಮೇಲೆ ಅದೇ ಕೆಲಸಕ್ಕೆ ಎಂಕೋಸಿಯಲ್ಲಿ ಇನ್ನೊಂದು ಪೈಥಾನ್ ಕೋಡ್ ಯಾಕೆ?

2023ರ 15ನೇ ಆವೃತ್ತಿಯಲ್ಲಿ ಆ ಕೋಡನ್ನು ಕಿತ್ತುಹಾಕಿದರು. ಡಿಸ್ಕ್ ಕೆಲಸ ಪೂರ್ತಿ ರೀಪಾರ್ಟ್‌ಗೆ ಹೋಯಿತು. ಅದೇ ವರ್ಷ ಜುಲೈನಲ್ಲಿ ಬಂದ ಸಿಸ್ಟಮ್‌ಡಿ 254ರಲ್ಲಿ ರೀಪಾರ್ಟ್ ಲೂಪ್ ಡಿವೈಸ್ ಇಲ್ಲದೆಯೇ ಇಮೇಜ್ ಬರೆಯುವಂತಾಯಿತು. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಮಾಡುವ ಟೂಲ್‌ಗೆ ಒಂದು ಫೋಲ್ಡರ್ ತೋರಿಸಿದರೆ ಮೌಂಟ್ ಮಾಡದೆ ಅದನ್ನೇ ಒಳಗೆ ತುಂಬುತ್ತದೆ. ಫೈಲ್ ಒಡೆತನದ ಸಮಸ್ಯೆಗೆ ಯೂಸರ್ ನೇಮ್‌ಸ್ಪೇಸ್ ಉತ್ತರವಾಯಿತು. ಅದರೊಳಗೆ ಸಾಮಾನ್ಯ ಬಳಕೆದಾರನೇ ರೂಟ್‌ನಂತೆ ಕಾಣುತ್ತಾನೆ, ಹೊರಗೆ ಅವನಿಗೆ ಯಾವ ಹೆಚ್ಚಿನ ಅಧಿಕಾರವೂ ಇರುವುದಿಲ್ಲ. ಕರ್ನೆಲ್‌ನಲ್ಲಿ ಈ ಸೌಲಭ್ಯ 2013ರ 3.8ನೇ ಆವೃತ್ತಿಯಿಂದಲೇ ಇತ್ತು. ಹತ್ತು ವರ್ಷ ಸುಮ್ನೆ ಕಾದಂತಾಯಿತು.

ನನ್ನ ಪ್ರಕಾರ ಇಂಥ ಪುನರ್ರಚನೆಯಲ್ಲಿ ಸೇರಿಸುವುದಕ್ಕಿಂತ ತೆಗೆಯುವುದೇ ಕಷ್ಟ. ಹಳೆಯ ಅಳತೆಯ ಆಯ್ಕೆಗಳು ಹೋದವು. ಎಂಕೋಸಿ ಡಾಟ್ ಡಿಫಾಲ್ಟ್ ಎಂಬ ಸೆಟ್ಟಿಂಗ್ ಫೈಲ್ ಎಂಕೋಸಿ ಡಾಟ್ ಕಾನ್ಫ್ ಆಯಿತು. ಹಳೆಯದನ್ನು ನಂಬಿಕೊಂಡವರು ಎಲ್ಲ ತಿದ್ದಬೇಕಾಯಿತು. ಗ್ರಬ್ ಎಂಬ ಬೂಟ್ ಪ್ರೋಗ್ರಾಂ ಮೂಲಕ ಹಳೆಯ ಬಯಾಸ್ ಮೆಷಿನ್ ಬೂಟ್ ಮಾಡುವ ಸೌಲಭ್ಯವನ್ನಂತೂ ಒಮ್ಮೆ ಪೂರ್ತಿ ತೆಗೆದುಬಿಟ್ಟಿದ್ದರು. ಬಯಾಸ್ ಜಾಗಕ್ಕೆ ಬಂದ ಯುಇಎಫ್ಐ ಎಲ್ಲ ಕಡೆ ಇದೆ ಎಂಬುದು ಎಂಕೋಸಿ ಕಟ್ಟುವವರ ವಾದ. ಹಳೆ ಪಿಸಿಗಳನ್ನೇ ಎಳೆದುಕೊಂಡು ಹೋಗುವ ನಮ್ಮ ಲ್ಯಾಬ್‌ಗಳಿಗೆ ಆ ವಾದ ದುಬಾರಿ. ಮುಂದೆ ಅದನ್ನು ವಾಪಸ್ ತಂದರು, ಬೇರೆ ಸೆಟ್ಟಿಂಗ್ ಹೆಸರಿನಲ್ಲಿ.

ಎಲ್ಲ ಕೆಲಸವನ್ನೂ ಹೊರಗಿನ ಟೂಲ್‌ಗಳಿಗೆ ಕೊಡುವುದೂ ನಡೆಯಲಿಲ್ಲ. ಪ್ರತ್ಯೇಕ ಪರಿಸರ ಕಟ್ಟಲು ಕೆಲವು ಆವೃತ್ತಿಗಳಲ್ಲಿ ಬಬಲ್‌ರಾಪ್ ಎಂಬ ಹೊರಗಿನ ಟೂಲ್ ಬಳಸಿದರು. 25ನೇ ಆವೃತ್ತಿಗೆ ಅದನ್ನು ಬಿಟ್ಟು ಸ್ವಂತ ಸ್ಯಾಂಡ್‌ಬಾಕ್ಸ್ ಬರೆದುಕೊಂಡರು.

ಈಗ ಲ್ಯಾಬಿನ ಇಮೇಜ್ ಅಂದರೆ ಕೆಲವೇ ಸಾಲಿನ ಫೈಲ್. ಯಾವ ಡಿಸ್ಟ್ರೊ (ಲಿನಕ್ಸ್ ಬಗೆ), ಯಾವ ಆವೃತ್ತಿ, ಯಾವ ಪ್ಯಾಕೇಜ್ ಅಂತ ಬರೆದು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿಟ್ಟರೆ ಯಾರು ಏನು ಬದಲಿಸಿದರು ಅನ್ನುವುದಕ್ಕೂ ಲೆಕ್ಕ ಸಿಗುತ್ತದೆ. ಪೆನ್‌ಡ್ರೈವ್‌ಗೆ ಹಾಕುವ ಮುಂಚೆ ವರ್ಚುವಲ್ ಮೆಷಿನ್‌ನಲ್ಲಿ ಬೂಟ್ ಮಾಡಿ ನೋಡಬಹುದು. ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಉಬುಂಟು 24.04 ಸುರಕ್ಷತೆಯ ಕಾರಣಕ್ಕೆ ಸಾಮಾನ್ಯ ಬಳಕೆದಾರರ ಯೂಸರ್ ನೇಮ್‌ಸ್ಪೇಸ್‌ಗೆ ಕಡಿವಾಣ ಹಾಕಿದೆ. ಸರ್ವರ್‌ನಲ್ಲಿ ಅದೇ ಇದ್ದರೆ ಎಂಕೋಸಿಗೆ ಅನುಮತಿ ಕೊಡುವ ಆಪ್‌ಆರ್ಮರ್ ಪ್ರೊಫೈಲ್ (ಸುರಕ್ಷತಾ ನಿಯಮದ ಫೈಲ್) ಹಾಕಿಸಲು ಅಡ್ಮಿನ್ ಹತ್ತಿರ ಒಂದು ಸಲ ಹೋಗಬೇಕಾಗಬಹುದು.