ಪದ ಪರಿಚಯ: ಸೆಪ್ಟಮ್

ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ವೈದ್ಯರು ಸೆಪ್ಟಮ್ ಎನ್ನುತ್ತಾರೆ. ಲ್ಯಾಟಿನ್ ಮೂಲದ ಈ ಪದಕ್ಕೆ ಬೇಲಿ ಎಂದು ಅರ್ಥ. ಗ್ಯಾಸ್ ಕ್ರೊಮ್ಯಾಟೊಗ್ರಫಿ ಉಪಕರಣದಲ್ಲಿ, ಅಂದರೆ ಪ್ರಯೋಗಾಲಯದವರ ಬಾಯಲ್ಲಿ 'ಜಿಸಿ'ಯಲ್ಲಿ, ಇದೇ ಹೆಸರಿನ ಇನ್ನೊಂದು ಬೇಲಿ ಇದೆ. ನೋಡಲು ಅಂಗಿಯ ಗುಂಡಿಯಷ್ಟಿರುವ ಸಿಲಿಕೋನ್ ರಬ್ಬರಿನ ಬಿಲ್ಲೆ. ಹಲವು ಯಂತ್ರಗಳಲ್ಲಿ ವ್ಯಾಸ 11 ಮಿ.ಮೀ.

ಜಿಸಿಯು ಪರೀಕ್ಷಿಸಬೇಕಾದ ಮಾದರಿಯನ್ನು ಆವಿಯಾಗಿಸಿ, ಹೀಲಿಯಂ ಅಥವಾ ನೈಟ್ರೋಜನ್‌ನಂಥ ವಾಹಕ ಅನಿಲದ ಜೊತೆ ಕಾಲಂ ಎಂಬ ಸಪೂರ ಕೊಳವೆಯಲ್ಲಿ ಹಾಯಿಸಿ ಘಟಕಗಳನ್ನು ಬೇರ್ಪಡಿಸುತ್ತದೆ. ಮಾದರಿ ಒಳಹೋಗುವ ಇಂಜೆಕ್ಟರ್ ಸಾಮಾನ್ಯವಾಗಿ 250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾದಿರುತ್ತದೆ, ಒಳಗೆ ಅನಿಲದ ಒತ್ತಡವಿರುತ್ತದೆ. ಸಿರಿಂಜಿನ ಸೂಜಿ ಸೆಪ್ಟಮ್ ಚುಚ್ಚಿ ಒಳಹೋಗಿ ಹೊರಬಂದೊಡನೆ ಆ ತೂತು ತಾನಾಗಿ ಮುಚ್ಚಿಕೊಳ್ಳಬೇಕು. ಅಷ್ಟು ಬಿಸಿಯಲ್ಲಿ, ಮತ್ತೆ ಮತ್ತೆ ಚುಚ್ಚಿಸಿಕೊಂಡು, ಅದು ಎಷ್ಟು ದಿನ ತಾಳೀತು?

ಬಳಸಿ ತೆಗೆದ ಸೆಪ್ಟಮ್ ಅನ್ನು ದೀಪಕ್ಕೆ ಹಿಡಿದು ನೋಡಿ. ನಡುವೆ ಚುಚ್ಚಿದ ಗುರುತುಗಳೆಲ್ಲ ಸೇರಿ ಒಂದೇ ಗುಳಿಯಾಗಿರುತ್ತವೆ. ಕೆಳಗಿನ ಲೈನರ್ ಎಂಬ ಗಾಜಿನ ಕೊಳವೆಯಲ್ಲಿ ರಬ್ಬರಿನ ಪುಡಿ ಉದುರಿರುತ್ತದೆ. ಸೂಜಿ ಹೀಗೆ ರಬ್ಬರನ್ನು ಕಿತ್ತು ಬೀಳಿಸುವುದಕ್ಕೆ ಕೋರಿಂಗ್ ಎಂದು ಹೆಸರು. ಬಿಸಿಗೆ ಆ ಪುಡಿಯಿಂದ ಸಿಲಾಕ್ಸೇನ್ ಎಂಬ ಸಿಲಿಕಾನ್ ಸಂಯುಕ್ತಗಳು ಹೊರಬಂದು, ಗ್ರಾಫ್‌ನಲ್ಲಿ ಒಂದೊಂದು ಘಟಕಕ್ಕೆ ಏಳುವ ಪೀಕ್‌ಗಳ (ಶಿಖರಗಳ) ಜೊತೆಗೆ ಮಾದರಿಯಲ್ಲಿ ಇಲ್ಲದ ಪೀಕ್‌ಗಳೂ ಕಾಣಿಸಿಕೊಳ್ಳುತ್ತವೆ. ಇವೇ ಗೋಸ್ಟ್ ಪೀಕ್‌ಗಳು. ತೂತು ಸೋರತೊಡಗಿದರೆ ತೊಂದರೆ ಇನ್ನೂ ದೊಡ್ಡದು: ಪೀಕ್ ಬರುವ ಸಮಯ ಜರುಗುತ್ತದೆ, ಒಂದೇ ಮಾದರಿಯ ಪೀಕ್‌ನ ವಿಸ್ತೀರ್ಣ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರುವುದಿಲ್ಲ, ಒಳನುಸುಳಿದ ಆಮ್ಲಜನಕ ಬಿಸಿ ಕಾಲಂನ ಒಳಲೇಪವನ್ನು ಹಾಳುಮಾಡುತ್ತದೆ. ಆಗ ಎಲ್ಲರೂ ಗೂಬೆ ಕೂರಿಸುವುದು ದುಬಾರಿ ಕಾಲಂನ ಮೇಲೆ. ಮೊದಲು ಈ ಅಗ್ಗದ ಬಿಲ್ಲೆಯನ್ನು ನೋಡಿ ಎಂದು ನಾನು ಹೊಸಬರಿಗೆ ಪದೇ ಪದೇ ಹೇಳುತ್ತೇನೆ.

ಸೋರುವವರೆಗೆ ಕಾಯುವುದು ತಪ್ಪು ಪದ್ಧತಿ. ಚುಚ್ಚಿದ ಲೆಕ್ಕ ಇಟ್ಟು ಬದಲಿಸಬೇಕು. ಅನೇಕ ಪ್ರಯೋಗಾಲಯಗಳು ಸುಮಾರು 100 ಇಂಜೆಕ್ಷನ್‌ಗೆ ಒಮ್ಮೆ ಬದಲಿಸುತ್ತವೆ. ಸೂಜಿಯ ತುದಿ, ಸೆಪ್ಟಮ್‌ನ ಬಗೆ, ಇಂಜೆಕ್ಟರಿನ ಬಿಸಿ ಇವನ್ನು ನೋಡಿಕೊಂಡು ಆ ಸಂಖ್ಯೆ ಹೆಚ್ಚು ಕಡಿಮೆಯಾಗುತ್ತದೆ.

ಬದಲಿಸುವ ಮೊದಲು ಕಾಲಂ ಇರುವ ಓವನ್ ಮತ್ತು ಇಂಜೆಕ್ಟರ್ ತಣ್ಣಗಾಗಲಿ, ಆಮೇಲೆ ಇಂಜೆಕ್ಟರಿನ ಒತ್ತಡ ಇಳಿಸಿ. ಹೊಸ ಸೆಪ್ಟಮ್ ಅನ್ನು ಚಿಮಟದಿಂದಲೇ ಹಿಡಿಯಿರಿ, ಏಕೆಂದರೆ ಬೆರಳಿನ ಜಿಡ್ಡು ಕೂಡ ಪೀಕ್ ಆಗಿ ಕಾಣಿಸಿಕೊಳ್ಳಬಲ್ಲದು. ಮೇಲಿನ ನಟ್ ಅನ್ನು ಬಲ ಹಾಕಿ ತಿರುಗಿಸುವ ಚಪಲ ಬೇಡ. ಹೆಚ್ಚು ಬಿಗಿದಷ್ಟೂ ರಬ್ಬರ್ ಅದುಮಿಕೊಂಡು ಸೂಜಿಗೆ ಬೇಗ ಕಿತ್ತುಬರುತ್ತದೆ. ಲೈನರಿನಲ್ಲಿ ಪುಡಿ ಕಂಡರೆ ಅದನ್ನೂ ಬದಲಿಸಿ. ಮತ್ತೆ ಬಿಸಿಯೇರಿಸಿ ಸೋರಿಕೆ ಪರೀಕ್ಷಿಸಿ, ಮಾದರಿಯಿಲ್ಲದ ಬ್ಲಾಂಕ್ ರನ್ ಒಂದನ್ನು ಹಾಕಿ. ಬೇಸ್‌ಲೈನ್, ಅಂದರೆ ಪೀಕ್ ಇಲ್ಲದಾಗಿನ ಗ್ರಾಫ್‌ನ ಗೆರೆ, ಸಮತಟ್ಟಾಗಿ ಬಂದ ಮೇಲೆ ಲಾಗ್‌ಬುಕ್‌ನಲ್ಲಿ ದಿನಾಂಕ ಬರೆದು, ಇಂಜೆಕ್ಷನ್ ಲೆಕ್ಕವನ್ನು ಸೊನ್ನೆಯಿಂದ ಆರಂಭಿಸಿ.